ಅತ್ತೆಯ ಇಂಕಿಗೆ ನೀರಿನ ಪರೀಕ್ಷೆ

ನಮ್ಮ ಸೋದರತ್ತೆಯ ಎಡಗೈ ಕಿರುಬೆರಳು ನೋಡಿದರೆ ಸಾಕು, ಬೆಳಿಗ್ಗೆ ಯಾವ ಬಾಟಲಿ ಬಿಚ್ಚಿದ್ದರು ಅಂತ ನಾನು ಹೇಳಿಬಿಡ್ತೀನಿ. ಬೇರೆಯವರ ಅತ್ತೆಯಂದಿರು ಬೆರಳಿಗೆ ಮದರಂಗಿ ಹಚ್ಕೊಳ್ತಾರೆ. ನಮ್ಮತ್ತೆ ಹಚ್ಕೊಳ್ಳೋದು ಇಂಕು. ಸೋಮವಾರ ಹಸಿರು, ಮಂಗಳವಾರ ನೇರಳೆ, ಬುಧವಾರ ಎಂಥದೋ ಹುಣಸೆರಸದ ಬಣ್ಣ. ವಾರವೆಲ್ಲ ಸೋಪು ತಿಕ್ಕಿದರೂ ಹೋಗಲ್ಲ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಅವರದೊಂದು ಪುಟ್ಟ ಮನೆ. ಸ್ಕೂಲ್ ಟೀಚರ್ ಆಗಿ ರಿಟೈರಾದವರು, ಒಬ್ಬರೇ ಇರ್ತಾರೆ. ಅವರ ಅಡಿಗೆಮನೇಲಿ ತಟ್ಟೆ ಇಡ್ಲಿ ಮಾಡೋ ತಟ್ಟೆಗಳಿವೆ, ಇಡ್ಲಿ ಮಾತ್ರ ಇಲ್ಲ. ಒಂದೊಂದು ತಟ್ಟೇಲೂ ಒಂದೊಂದು ಇಂಕು. ತುಮಕೂರಲ್ಲಿ ಹುಟ್ಟಿದ ಮನುಷ್ಯ ಇದನ್ನ ನೋಡಿ ಹೇಗೆ ಸಹಿಸಬೇಕು ಹೇಳಿ? ಒಂದ್ಸಲ ನನ್ನ ಬಲವಂತಕ್ಕೆ ಇಡ್ಲಿ ಹೊಯ್ದರು. ತಳ ನೀಲಿಗಿತ್ತು. "ಅತ್ತೆ, ಇದೇನಿದು?" ಅಂದೆ. "ಪರವಾಗಿಲ್ವೋ, ಆವಿಗೂ ಹೋಗಿಲ್ಲ ನೋಡು," ಅಂತ ಇಡ್ಲಿ ತಿರುಗಿಸಿ ಇಂಕಿಗೆ ಐದು ಮಾರ್ಕ್ಸ್ ಜಾಸ್ತಿ ಹಾಕಿದರು. ನಾನು ಚಟ್ನಿ ಮಾತ್ರ ನೆಕ್ಕಿಕೊಂಡು ಬಂದೆ.

ಹೌದು, ಮಾರ್ಕ್ಸ್. ಹೊಸ ಇಂಕು ಬಂದರೆ ನಾಲ್ಕು ಪರೀಕ್ಷೆ. ಒಂದು ಸಾಲು ಬರೆದು, ಹತ್ತು ಎಣಿಸಿ, ಕಿರುಬೆರಳಲ್ಲಿ ಉಜ್ಜೋದು. ಹಾಳೆ ತಿರುಗಿಸಿ ಹಿಂದುಗಡೆ ಇಣುಕಿದೆಯಾ ಅಂತ ನೋಡೋದು. ಅರ್ಧ ಮುಚ್ಚಿ, ಅರ್ಧ ಬಿಟ್ಟು ಕಿಟಕಿಗೆ ಅಂಟಿಸಿ ತಿಂಗಳುಗಟ್ಟಲೆ ಬಿಸಿಲಿಗಿಡೋದು. ಕಡೇದು ನೀರಿನ ಪರೀಕ್ಷೆ. ಬರೆದ ಸಾಲಿನ ಮೇಲೆ ಒಂದು ತೊಟ್ಟು ನೀರು ಬಿಟ್ಟು, ಉಸಿರು ಬಿಗಿಹಿಡಿದು ಕೂರ್ತಾರೆ. ತಮಾಷೆ ಏನಪ್ಪ ಅಂದರೆ, ನೀರಿಗೆ ಜಗ್ಗದ ಇಂಕಿಗೆ ನೂರಕ್ಕೆ ನೂರು ಕೊಟ್ಟು ಮೂಲೆಗೆ ತಳ್ಳಿಬಿಡ್ತಾರೆ. ಕರಗಿ ಹರಡಿ ರಾದ್ಧಾಂತ ಮಾಡಿದ ಇಂಕನ್ನ ಮಾತ್ರ ಕಣ್ಣ ಹತ್ತಿರ ಹಿಡಿದು ಅರ್ಧ ಗಂಟೆ ನೋಡ್ತಾರೆ. ಮೇಡಂಗೆ ಫೇಲಾದ ಮಕ್ಕಳ ಮೇಲೇ ಪ್ರೀತಿ ಅಂತ ನಾನು ರೇಗಿಸ್ತಿದ್ದೆ.

ಈ ಗದ್ದಲದಲ್ಲಿ ಊಟ ನೆನಪಾಗೋದು ಸಂಜೆ ನಾಲ್ಕಕ್ಕೆ. ಆರಿದ ಅನ್ನ, ತಣ್ಣಗಿನ ಸಾರು, ನಿಂತ್ಕೊಂಡೇ ನಾಲ್ಕು ತುತ್ತು.

ನನ್ನ ಮದುವೆ ಕಾರ್ಡು ಕೊಡೋಕೆ ಹೋದಾಗ ಹೆಣ್ಣು ಯಾರು, ಎಲ್ಲಿಯವರು ಅಂತ ಕೇಳಬೇಕೋ ಬೇಡವೋ? ಕಾರ್ಡಿನ ಹಿಂದೆ ಎರಡು ಗೆರೆ ಎಳೆದು, "ಪೇಪರ್ ಸರಿಯಿಲ್ಲ ಕಣೋ, ಇಂಕು ಹರಡ್ತದೆ," ಅಂದರು. ಮದುವೆ ದಿನ ಹುಡುಗಿ ನೋಡಿ, "ಇವಳು ಪರವಾಗಿಲ್ಲ," ಅಂತ ಪಾಸು ಮಾಡಿದರು.

ಎಲೆಕ್ಷನ್ ದಿನ ಇನ್ನೊಂದು ಕತೆ. ಬೂತಿನಲ್ಲಿ ಇಂಕು ಹಚ್ಚೋ ಹುಡುಗಿ ಅತ್ತೆಯ ಕೈ ಹಿಡಿದವಳು ಹಾಗೇ ನಿಂತಳು. ಬೆರಳಿಗೊಂದು ಬಣ್ಣ.

"ಅಮ್ಮಾ, ಎಷ್ಟು ಸಲ ವೋಟ್ ಹಾಕಿದೀರಾ?"

"ಒಂದೂ ಹಾಕಿಲ್ಲಮ್ಮ. ಈ ನಿನ್ನ ಇಂಕು ನೀರಿಗೆ ಹೋಗಲ್ವಂತಲ್ಲ, ನಿಜವಾ? ಒಂದು ತೊಟ್ಟು ಕಾಗದದ ಮೇಲೆ ಹಾಕ್ಕೊಡು."

ಹಿಂದಿದ್ದ ಸಾಲು ಗೊಣಗಿತು, ಪೊಲೀಸಿನವರು ಎದ್ದು ಬಂದರು. ನಾನು ಕೈ ಮುಗಿದು ಕರ್ಕೊಂಡು ಬಂದೆ.

ಇಂಕು ಬಿಟ್ಟರೆ ಅವರಿಗಿರೋ ಇನ್ನೊಂದು ಕಾಯಿಲೆ, ಏನೋ ಮರೆತೆ ಅನ್ನೋದು. ಗುಬ್ಬಿ ಬಸ್ಸು ಹೊರಡೋಕೆ ಮುಂಚೆ ಎರಡು ಸಲ ಇಳೀತಾರೆ. ಗ್ಯಾಸ್ ಆಫ್ ಮಾಡಿರ್ತಾರೆ, ನಲ್ಲಿ ನಿಲ್ಲಿಸಿರ್ತಾರೆ, ಬೀಗ ಮೂರು ಸಲ ಎಳೆದು ನೋಡಿರ್ತಾರೆ. ಆದರೂ, "ಒಂದೇನೋ ಮರೆತಿದೀನಿ ಕಣೋ," ಅಂತಾರೆ. ಕಂಡಕ್ಟರಿಗೂ ಈ ಮಾತು ಬಾಯಿಪಾಠ ಆಗಿದೆ.

ಹೋದ ತಿಂಗಳು ಕಣ್ಣಿನ ಡಾಕ್ಟರು, ಶುಗರ್ ಕಣ್ಣಿಗೆ ಇಳಿದಿದೆ, ಹೋಗಿರೋ ದೃಷ್ಟಿ ವಾಪಸ್ ಬರಲ್ಲ, ಹೊತ್ತಿಗೆ ಸರಿಯಾಗಿ ಉಂಡು ಇರೋದನ್ನಾದರೂ ಉಳಿಸ್ಕೊಳ್ಳಿ ಅಂದರು. ಅತ್ತೆ ಮನೆಗೆ ಬಂದವರೇ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಒಂದು ಹಳೇ ಕಾಗದ, ಜೊತೆಗೆ ಒಂದು ಕಟ್ಟು ಬಿಳಿ ಹಾಳೆ.

"ಕೂತ್ಕೋ. ನಿಂಗೆ ಇವತ್ತು ಕೆಲಸ ಇದೆ."

ಆ ಕಾಗದ ಮಾವನದು. ಮಾವನನ್ನ ನಾನು ಫೋಟೋದಲ್ಲಿ ಮಾತ್ರ ನೋಡಿರೋದು. ಅವರು ಕುಣಿಗಲ್ ಕಡೆ ಮೇಷ್ಟ್ರು. ಅತ್ತೆ ಆಗಿನ್ನೂ ಟೀಚರ್ ಆಗಿರಲಿಲ್ಲ, ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಮಾವನ ಕಾಯಿಲೆಯ ತಾಯಿಯನ್ನ ನೋಡ್ಕೊಂಡು ಇದ್ದರು. ಮಾವ ಶನಿವಾರ ಬರೋರು. ನಡುವೆ ಒಂದು ಕಾಗದ ಬರೆದು ಬಸ್ಸಿನವರ ಕೈಲಿ ಕೊಟ್ಟು ಕಳಿಸೋರು. ಅವತ್ತು ಅತ್ತೆ ಕೆರೇಲಿ ಬಟ್ಟೆ ಒಗೆದು ಬರ್ತಿದ್ದಾಗ ಕಂಡಕ್ಟರು ಬಸ್ಸು ನಿಲ್ಲಿಸಿ ಕೊಟ್ಟ. ಮನೆಗೆ ಹೋಗೋವರೆಗೂ ತಡೀಲಿಲ್ಲ, ಒದ್ದೆ ಕೈಯಲ್ಲೇ ಬಿಚ್ಚಿದರು.

ಕಾಗದ ನನ್ನ ಮುಂದೆ ಹರಡಿದರು. ಮೇಲಿನದೆಲ್ಲ ಚೆನ್ನಾಗಿತ್ತು, ಅಮ್ಮನಿಗೆ ಕೆಮ್ಮು ಹೇಗಿದೆ, ಇಲ್ಲಿ ಮಳೆ ಇಲ್ಲ, ಇಂಥವೇ. ಕಡೇ ಸಾಲು, "ಒಂದು ಮಾತ್ರ ಮರೀಬೇಡ," ಅಂತ ಶುರುವಾಗಿತ್ತು. ಅದಾದಮೇಲೆ ಹೆಬ್ಬೆರಳಗಲ ನೀಲಿ ಕಲೆ.

"ಶನಿವಾರ ಬರ್ತಾರಲ್ಲ, ಕೇಳಿದ್ರಾಯ್ತು ಅಂತ ಸುಮ್ಮನಾದೆ," ಅಂದರು ಅತ್ತೆ. "ಶುಕ್ರವಾರ ಸ್ಕೂಲಲ್ಲೇ ಎದೆನೋವು ಬಂದು ಹೋಗಿಬಿಟ್ರು."

ಇಷ್ಟು ವರ್ಷ ಈ ಹೆಂಗಸನ್ನ ಹುಚ್ಚಿ ಅಂತ ಊರೆಲ್ಲ ನಗಿಸಿದ ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು.

ಮಾವ ಕುಣಿಗಲ್ಲಿನ ಯಾವುದೋ ಅಂಗಡೀಲಿ ಪೆನ್ನಿಗೆ ಬಿಡಿ ಇಂಕು ತುಂಬಿಸ್ಕೊಳ್ತಿದ್ದರಂತೆ, ಯಾವ ಇಂಕು ಅಂತ ಅತ್ತೆಗೂ ಗೊತ್ತಿಲ್ಲ. ಅದಕ್ಕೇ ಸಿಕ್ಕಿದ್ದನ್ನೆಲ್ಲ ಪರೀಕ್ಷೆ ಮಾಡಿದ್ದು. ನೀರು ಬಿದ್ದರೆ ಇದೇ ತರ ಹರಡಿ, ಅಂಚಲ್ಲಿ ಇದೇ ತರ ನೇರಳೆ ಗೆರೆ ಕಟ್ಟೋ ಇಂಕು ಹುಡುಕಿದ್ದು. ಮಿಕ್ಕ ಬಣ್ಣ ಯಾಕೆ ಅಂದಿದ್ದಕ್ಕೆ, "ಜನ ಕೇಳಿದ್ರೆ ಹುಚ್ಚು ಅಂತ ಹೇಳೋಕೆ ಬೇಕಲ್ಲ," ಅಂದರು. ಇಂಕು ಸಿಕ್ಕಿದಮೇಲೆ ಮಾವ ಬರೆದಿರಬಹುದಾದ ಮಾತುಗಳನ್ನ ಒಂದೊಂದಾಗಿ ಬರೆದು, ನೀರು ಬಿಟ್ಟು, ಕಲೆಗೆ ಕಲೆ ಹೋಲಿಸ್ತಾ ಬಂದಿದಾರೆ. ಒಂದೊಂದು ಹಾಳೆ ಹಿಂದೆಯೂ ಏನು ಬರೆದಿದ್ದು ಅಂತ ಪೆನ್ಸಿಲ್ಲಲ್ಲಿ ಗುರುತಿತ್ತು. ಅಮ್ಮನ ಮಾತ್ರೆ. ತೆಂಗಿನ ಸಸಿಗೆ ನೀರು. ದೀಪ ಆರಿಸಿ ಮಲಗು. ಒಂದರ ಹಿಂದೆ "ನನ್ನನ್ನ" ಅಂತ ಬರೆದು, ನಾಚಿಕೊಂಡು ಹೊಡೆದುಹಾಕಿದ್ದರು.

"ನಂಗೀಗ ನೀಲಿ ನೇರಳೆ ಎಲ್ಲ ಒಂದೇ ಕಣೋ. ಪೆನ್ಸಿಲ್ ಅಕ್ಷರ ಅಂತೂ ಕಾಣೋದೇ ಇಲ್ಲ. ನೀನು ನೋಡು. ಅವರು ಹೇಳಿದ್ದನ್ನ ನಾನು ಮಾಡಿದ್ನೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು."

ಒಂದೊಂದೇ ಹಾಳೆ ಹಿಡಿದು ನೋಡಿದೆ. ದೇವರಾಣೆ, ನನ್ನ ಕಣ್ಣಿಗೆ ಎಲ್ಲವೂ ಬರೀ ನೀಲಿ ಕಲೆ. ಅತ್ತೆ ನನ್ನ ಮುಖಾನೇ ನೋಡ್ತಿದ್ದರು. ಒಂದು ಹಾಳೆ ಎತ್ತಿಕೊಂಡೆ.

"ಇದು ಅತ್ತೆ. ಇದೇ. ಅಂಚೂ ಅದೇ, ಉದ್ದಾನೂ ಅದೇ."

"ಹಿಂದೆ ಏನಿದೆ ಓದು."

ಹಿಂದೆ ತೆಂಗಿನ ಸಸಿ ಇತ್ತು. ನಾನು ಓದಿದೆ, "ಹೊತ್ತಿಗೆ ಸರಿಯಾಗಿ ಊಟ ಮಾಡು."

ಅತ್ತೆ ಹಾಳೆ ಇಸ್ಕೊಂಡು ಅದರ ಮೇಲೆ ಆ ಕಿರುಬೆರಳು ಆಡಿಸಿದರು.

"ಅದನ್ನ ನಾನು ಬರೆದೇ ಇರಲಿಲ್ವಲ್ಲೋ," ಅಂದರು.

ನಾನು ತಲೆ ತಗ್ಗಿಸಿದೆ.

"ಆದರೆ ಅವರು ಬರೀತಿದ್ರು. ಅಂಥದ್ದೇ ಬರೀತಿದ್ರು. ನಂಗೇ ಹೊಳೀಲಿಲ್ಲ ನೋಡು." ಸೆರಗಲ್ಲಿ ಕಣ್ಣೊರೆಸಿಕೊಂಡು, ಕಾಗದ ಮಡಿಸಿ ಕವರಿಗೆ ಹಾಕಿದರು. "ಟೈಮೆಷ್ಟು?"

"ಒಂದೂಕಾಲು."

"ಏಳೋ ಮತ್ತೆ. ಸಾರು ಬಿಸಿಗಿಡ್ತೀನಿ, ನೀನು ಎರಡು ತಟ್ಟೆ ಹಾಕು."