ನಗದವನ ದೋಣಿ

ಎಲ್ಲದಕ್ಕೂ ಮೂಲ ಒಂದು ಕಾಲುಚೀಲ.

ಸಿರಿಲ್ ಆಸ್ಪಿನಾಲನ ಮನೆ ಎಂದರೆ ವಿದರ್‌ಬ್ರಿಜ್ ಕಾಲುವೆಯ ದಂಡೆಗೆ ಕಟ್ಟಿಹಾಕಿದ ಉದ್ದನೆಯ ಒಂದು ಕಬ್ಬಿಣದ ದೋಣಿ. ಅಡುಗೆ, ಸ್ನಾನ, ನಿದ್ದೆ, ಚಿಂತೆ ಎಲ್ಲವೂ ಅದರೊಳಗೇ. ದೋಣಿಯ ಹಿಂತುದಿಯಲ್ಲಿ, ದೋಣಿಯನ್ನು ಮುಂದೆ ತಳ್ಳುವ ಪಂಖದ ಸರಳು ಹೊರಗೆ ಹೋಗುವ ತೂತಿನಲ್ಲಿ, ಚಳಿಗಾಲದಿಂದಲೂ ಹನಿ ಹನಿಯಾಗಿ ನೀರು ಒಸರುತ್ತಿತ್ತು. ಸಿರಿಲ್ ಅಲ್ಲಿಗೊಂದು ಉಣ್ಣೆಯ ಕಾಲುಚೀಲ ತುರುಕಿ ನೆಮ್ಮದಿಯಾಗಿದ್ದ. ಆ ಸೋಮವಾರ ಬ್ಯಾಂಕ್ ರಜೆ, ಅಂದರೆ ದೇಶಕ್ಕೆಲ್ಲ ಬಿಡುವು. ರಜೆಯ ದಿನವಾದರೂ ಎರಡು ಕಾಲಿಗೂ ಒಂದೇ ಬಣ್ಣದ್ದು ಹಾಕೋಣ ಅನ್ನಿಸಿ ಅದನ್ನು ಹಿಡಿದೆಳೆದ. ಕಾಲುಚೀಲದ ಜೊತೆ ತೂತಿನ ಹಳೇ ಬಿರಡೆಯೂ ಕಿತ್ತು ಬಂತು. ಅದರ ಹಿಂದೆಯೇ ಕಾಲುವೆ ಬಂತು.

ನೀರೆತ್ತುವ ಯಂತ್ರದ ಗುಂಡಿ ಒತ್ತಿದ. ಅದು ಒಂದು ಸಲ ಕೆಮ್ಮಿ ಪ್ರಾಣಬಿಟ್ಟಿತು. ಪಾತ್ರೆಯಲ್ಲಿ ಮೊಗೆದು ಹೊರಗೆ ಚೆಲ್ಲಿದ. ಚೆಲ್ಲಿದ್ದಕ್ಕಿಂತ ಒಳಗೆ ಬಂದದ್ದೇ ಹೆಚ್ಚು. ಮನೆಚಪ್ಪಲಿಗಳು ಜೋಡಿಯಾಗಿ ತೇಲುತ್ತ ಅಡುಗೆಯ ಒಲೆಯ ಕಡೆ ಹೊರಟಾಗ, ಯಾರನ್ನಾದರೂ ನೆರವು ಕೇಳದೆ ಗತಿಯಿಲ್ಲ ಎಂದು ಅವನಿಗೆ ಗೊತ್ತಾಯಿತು. ಕಾಲುವೆಯ ಆಳ ಎದೆಮಟ್ಟ ಅಷ್ಟೆ, ಜೀವಕ್ಕೇನೂ ಭಯವಿಲ್ಲ. ಆದರೆ ಇದ್ದದ್ದು ಒಂದೇ ಮನೆ. ಅದು ಹೋದರೆ ಸಿರಿಲ್ ಬೀದಿಪಾಲು.

ಬೇರೆ ಯಾರಾಗಿದ್ದರೂ ಇಡೀ ದಂಡೆ ಓಡಿಬರುತ್ತಿತ್ತು. ಆದರೆ ಸಿರಿಲ್ ವಿದರ್‌ಬ್ರಿಜ್ಜಿನ ಮಹಾ ಹಾಸ್ಯಗಾರ. ಹಾಗೆಂದು ಊರು ಹೇಳುತ್ತದೆ. ನಿಜ ಸಂಗತಿ ಬೇರೆ. ಪಾಪ, ಹುಟ್ಟಿದಾಗಿನಿಂದ ಅವನು ಒಂದು ಜೋಕು ಹೇಳಿದವನಲ್ಲ, ಬೇರೆಯವರು ಹೇಳಿದ್ದು ಅವನಿಗೆ ಅರ್ಥವಾದದ್ದೂ ಇಲ್ಲ. ಸದಾ ಹರಳೆಣ್ಣೆ ಕುಡಿದಂಥ ಮುಖ. ಇದ್ದದ್ದನ್ನು ಇದ್ದ ಹಾಗೆ, ಮೆಲ್ಲಗೆ, ಮೊದಲೊಮ್ಮೆ ಕೊನೆಗೊಮ್ಮೆ ಕ್ಷಮೆ ಕೇಳಿ ಹೇಳುವ ಸ್ವಭಾವ. ಈ ದೇಶದಲ್ಲಿ ಹಾಸ್ಯಗಾರ ಅನ್ನಿಸಿಕೊಳ್ಳಲು ಇನ್ನೇನು ಬೇಕು? ಹೆಂಡತಿ ಬಿಟ್ಟುಹೋದ ಮರುದಿನ ಪಬ್ಬಿನಲ್ಲಿ ಯಾರೋ "ಮನೆಯವರು ಹೇಗಿದಾರೆ?" ಎಂದು ಕೇಳಿದ್ದರು. "ಹಲ್ಲಿನ ಡಾಕ್ಟರ ಜೊತೆ ಹೋಗ್ಬಿಟ್ಲು. ಇನ್ಮೇಲೆ ಹಲ್ಲುನೋವು ಬಂದ್ರೆ ಯಾರ ಹತ್ರ ಹೋಗೋದು ಅಂತ ಗೊತ್ತಾಗ್ತಿಲ್ಲ" ಎಂದಿದ್ದ ಸಿರಿಲ್. ಅವನಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಪಬ್ಬು ಬಿದ್ದು ಬಿದ್ದು ನಕ್ಕಿತು. ಕುಡಿದಿದ್ದ ಬಿಯರು ಒಬ್ಬನ ಮೂಗಿನಿಂದ ಬಂತು. ಅಂದಿನಿಂದ ಅವನು "ಏನು ಮಳೆ" ಎಂದರೂ ಜನ ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಪಕ್ಕದ ದೋಣಿಯ ಡೋರೀನ್ ಗ್ರೀನ್‌ಹಾಲ್ ಹೂಕುಂಡಗಳಿಗೆ ನೀರು ಹಾಕುತ್ತಿದ್ದಳು. ಅವಳ ಹತ್ತಿರ ಒಳ್ಳೆಯ ಕೈಪಂಪಿತ್ತು. ಸಿರಿಲ್ ಮೊಣಕಾಲಿನವರೆಗೆ ಒದ್ದೆಯಾಗಿ ಅವಳ ಮುಂದೆ ನಿಂತ.

"ಸಾರಿ ಡೋರೀನ್ ಅವರೇ, ತೊಂದರೆ ಕೊಡ್ತಿದೀನಿ. ನಿಮ್ಮ ಪಂಪು ನಿಮಗೇನೂ ಬೇಕಿಲ್ಲ ಅಂದ್ರೆ... ಮನೆಯೊಳಗೆ ಸ್ವಲ್ಪ ಕಾಲುವೆ ಬಂದಿದೆ."

ಡೋರೀನ್ ಅವನ ಮುಖ ನೋಡಿದಳು, ಒದ್ದೆ ಪ್ಯಾಂಟು ನೋಡಿದಳು. ಅವಳ ಕೈಯಿಂದ ನೀರಿನ ಕೊಡ ಜಾರಿತು.

"ಸ್ವಲ್ಪ ಕಾಲುವೆ! ಅಯ್ಯೋ, ನನ್ನ ಕೊಲ್ತೀಯೋ ಮಾರಾಯ! ಬೆಳಗಾಗೆದ್ದು ಶುರು ಹಚ್ಕೊಂಡ್ಯಾ?"

"ಇಲ್ಲ, ನಿಜವಾಗ್ಲೂ. ಚಪ್ಪಲಿ ಎಲ್ಲಾ ಹೊರಟುಹೋಗ್ತಿದಾವೆ."

"ಸಾಕು, ಸಾಕು ಕಂದ! ಪಕ್ಕೆ ನೋಯ್ತಿದೆ!" ಎಂದು ಡೋರೀನ್ ಕಣ್ಣೊರೆಸಿಕೊಳ್ಳುತ್ತ ಫೋನೆತ್ತಿದಳು. ಪಂಪಿಗಲ್ಲ. ಎದುರಿನ ಪಬ್ಬಿನ ಯಜಮಾನ ರೆಗ್ ಹೇಡಾಕನಿಗೆ. "ರೆಗ್, ಬೇಗ ಬಾ. ಸಿರಿಲ್ಲು ಇವತ್ತು ಏನೋ ದೊಡ್ಡದೇ ಮಾಡ್ತಿದಾನೆ."

ಅಲ್ಲಿಗೆ ಮುಗಿಯಿತು. ಹತ್ತು ಗಂಟೆಯ ಹೊತ್ತಿಗೆ ದಂಡೆಯ ಮೇಲೆ ಮಡಚುಕುರ್ಚಿಗಳು ಸಾಲಾಗಿ ಬಿಚ್ಚಿಕೊಂಡವು. ಯಾರೂ ಹೇಳಿರಲಿಲ್ಲ, ಆದರೂ ಬಂದವರು ಬಂದ ಕ್ರಮದಲ್ಲೇ ಕೂತರು. ಫ್ಲಾಸ್ಕುಗಳು, ಹಂದಿಮಾಂಸದ ಪೈಗಳು, ಉಪ್ಪಿನಕಾಯಿ ಈರುಳ್ಳಿಗಳು ಹೊರಬಿದ್ದವು. ಸಿರಿಲ್ ಕಿಟಕಿಯಿಂದ ನೀರು ಚೆಲ್ಲಿದಾಗಲೆಲ್ಲ ಚಪ್ಪಾಳೆ. "ಯಾರಾದ್ರೂ ಒಂದು ಕೈ ಹಾಕ್ತೀರಾ, ಅಂದ್ರೆ, ಊಟ ಆದ್ಮೇಲೆ ಹಾಕಿದ್ರೂ ಆಯ್ತು" ಎಂದು ಅವನು ಬೇಡಿಕೊಂಡಾಗ ಮುಂದಿನ ಸಾಲಿನ ಮುದುಕರೊಬ್ಬರು ನಕ್ಕು ಕುರ್ಚಿಯ ಸಮೇತ ಹಿಂದಕ್ಕೆ ಉರುಳಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ಹೊತ್ತಿಗೆ ಬಾಡಿಗೆ ದೋಣಿಯೊಂದು ಸೇತುವೆಯ ಕೆಳಗಿನಿಂದ ಬಂತು. ಅದರ ಚುಕ್ಕಾಣಿ ಹಿಡಿದಿದ್ದವಳು ಮಾರೈಕೆ ಎಂಬ ಡಚ್ ಹೆಂಗಸು, ರಜೆಗೆ ಬಂದವಳು. ನೀರಿನ ದೇಶದವಳು, ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು.

"ಆ ದೋಣಿ ಮುಳುಗ್ತಾ ಇದೆ," ಎಂದಳು ರೆಗ್‌ನ ಕಡೆ ತಿರುಗಿ. "ನೀವೆಲ್ಲ ಯಾಕೆ ನಗ್ತಾ ಕೂತಿದೀರಿ?"

ರೆಗ್‌ಗೆ ಇಂಥ ಪ್ರಶ್ನೆ ಎಂದರೆ ಹಬ್ಬ. ಪೈ ಕೆಳಗಿಟ್ಟ. "ನೋಡಮ್ಮ ತಾಯಿ, ನೀವು ನಿಮ್ಮೂರಲ್ಲಿ ಟೀವೀಲಿ ನಮ್ಮ ಕಾಮಿಡಿ ನೋಡ್ತೀರಿ ತಾನೆ?"

"ದಿನಾ ನೋಡ್ತೀವಿ. ನಮ್ಮಪ್ಪ ಸಾಯೋ ವಾರಾನೂ ನೋಡಿ ನಕ್ಕಿದ್ರು. ಜಗತ್ತೆಲ್ಲಾ ನೋಡತ್ತೆ. ಯಾಕೆ ಅಷ್ಟು ನಗು ಬರತ್ತೆ ಅಂತ ಮಾತ್ರ ನನಗೆ ಗೊತ್ತಿಲ್ಲ."

"ಗೊತ್ತು ಮಾಡ್ಕೊಳ್ಳಿ ಹಾಗಾದ್ರೆ. ಬೇರೆ ಕಡೆ ತಮಾಷೆ ಮಾಡೋನು ಮೊದಲು ತಾನೇ ನಗ್ತಾನೆ. ನಮ್ಮೋನು ನಗಲ್ಲ. ಮುಖ ಶವಸಂಸ್ಕಾರಕ್ಕೆ ಬಂದ ಹಾಗಿರ್ಬೇಕು. ಎರಡನೇದು, ಅವನು ಗೆಲ್ಲಬಾರದು. ಗೆದ್ದೋನನ್ನ ನೋಡಿ ಯಾರಮ್ಮ ನಗ್ತಾರೆ? ಹೊಟ್ಟೆ ಉರ್ಕೋತಾರೆ ಅಷ್ಟೆ. ಸೋಲ್ಬೇಕು, ಸೋಲ್ತಾ ಸೋಲ್ತಾ 'ಏನೂ ಆಗಿಲ್ಲ, ಆರಾಮಾಗಿದೀನಿ' ಅನ್ಬೇಕು. ಪ್ರಪಂಚ ಪೂರ್ತಿ ದಿನಾ ಸೋಲ್ತದೆ ನೋಡಿ, ಅದಕ್ಕೇ ಎಲ್ಲರಿಗೂ ಅವನು ತಮ್ಮ ಮನೆಯೋನೇ ಅನ್ನಿಸ್ತಾನೆ." ರೆಗ್‌ನ ದನಿ ತಗ್ಗಿತು. "ನಮ್ಮ ಸಿರಿಲ್ಲು ಅಂಥೋನು. ಯಾವ ಟೀವೀಲೂ ಬಂದಿಲ್ಲ. ನಮ್ಮ ಪುಣ್ಯ, ನಮ್ಮ ಕಾಲುವೇಲಿದಾನೆ."

ಇಡೀ ಸಾಲು ತಲೆಯಾಡಿಸಿತು. ನಿಜ ಹೇಳಬೇಕೆಂದರೆ ರೆಗ್ ಆಡಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಈ ಜನರ ನಡುವೆ ಅರ್ಧ ಆಯಸ್ಸು ಕಳೆದವರಿಗೂ ಇದೊಂದು ಬೆರಗು ತೀರುವುದಿಲ್ಲ. ಯುದ್ಧದಲ್ಲಿ ಬಾಂಬು ಬಿದ್ದು ಮುಂಬಾಗಿಲು ಹಾರಿಹೋದ ಅಂಗಡಿಯವನು "ಎಂದಿಗಿಂತ ಹೆಚ್ಚು ತೆರೆದಿದೆ" ಎಂದು ಹಲಗೆ ತೂಗುಹಾಕಿದ ಕುಲವಿದು. ಅಳಬೇಕಾದ ಕಡೆ ನಗುವ ಎದೆಗಾರಿಕೆ ಇವರಿಗೆ ಯಾವ ದೇವರು ಕೊಟ್ಟನೋ! ಕೊಟ್ಟವನು ಸಿರಿಲ್‌ನಂಥವನ ಗತಿಯನ್ನೂ ಒಂದಿಷ್ಟು ಯೋಚಿಸಬೇಕಿತ್ತು.

ಮಾರೈಕೆ ಒಪ್ಪಲಿಲ್ಲ. ದೋಣಿಯನ್ನು ಸಿರಿಲ್‌ನ ಕಿಟಕಿಯ ಪಕ್ಕಕ್ಕೇ ತಂದು ನಿಲ್ಲಿಸಿದಳು. ಅವಳ ಕಾಲ ಬಳಿ ದೊಡ್ಡ ಕರೆಂಟು ಪಂಪೊಂದು ಹೊಚ್ಚ ಹೊಸದಾಗಿ ಕೂತಿತ್ತು. ಸಿರಿಲ್ ಅದನ್ನು ನೋಡಿದ. ಹಸಿದವನು ಊಟದ ತಟ್ಟೆ ನೋಡಿದ ಹಾಗೆ ನೋಡಿದ.

"ನೇರವಾಗಿ ಹೇಳಿ," ಎಂದಳು ಮಾರೈಕೆ. "ನಿಮ್ಮ ದೋಣಿ ಮುಳುಗ್ತಾ ಇದೆಯೋ ಇಲ್ವೋ? ಹೂಂ ಅಂದ್ರೆ ಈಗ್ಲೇ ಪಂಪು ಹಾಕ್ತೀನಿ."

ಒಂದು ಹೂಂ. ಅಷ್ಟೆ ಬೇಕಾಗಿದ್ದದ್ದು. ಆದರೆ ಜನ್ಮದಲ್ಲಿ ಯಾರೂ ಸಿರಿಲ್‌ನನ್ನು ಹೀಗೆ ಮುಖಕ್ಕೆ ಮುಖ ಕೊಟ್ಟು ಕೇಳಿರಲಿಲ್ಲ. ಅಪರಿಚಿತ ಹೆಂಗಸು, ಮೇಲಾಗಿ ಅತಿಥಿ, ಅದರಲ್ಲೂ ರಜೆಯ ಮೇಲೆ ಬಂದವಳು! ಅವಳಿಂದ ಕೆಲಸ ಮಾಡಿಸಿಕೊಳ್ಳುವುದೆ? ಅವನ ಕಿವಿ ಕೆಂಪಾಯಿತು. ನೀರು ಸೊಂಟ ಮುಟ್ಟಿತ್ತು. ಅವನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

"ಛೆ ಛೆ, ಇಲ್ಲಪ್ಪ. ಸ್ವಲ್ಪ ತೇವ ಆಗಿದೆ ಅಷ್ಟೆ. ಕೇಳಿದ್ರಲ್ಲ, ಅದೇ ದೊಡ್ಡದು. ನೀವು ದಯವಿಟ್ಟು ರಜೆ ಹಾಳು ಮಾಡ್ಕೋಬೇಡಿ."

ದಂಡೆ ಸಿಡಿಲು ಸಿಡಿದ ಹಾಗೆ ನಕ್ಕಿತು. ಮಾರೈಕೆ ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನಿಂತಳು. ಆಮೇಲೆ ಅವಳ ಮುಖವೂ ಮೆಲ್ಲಗೆ ಅರಳಿತು. "ಈಗ ಅರ್ಥ ಆಯ್ತು," ಎಂದು ಉಸಿರೆಳೆದು, ದೋಣಿ ಕಟ್ಟಿ, ಡೋರೀನ್ ಕೊಟ್ಟ ಕುರ್ಚಿಯಲ್ಲಿ ಕೂತಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. "ಅಪ್ಪ ಇದನ್ನ ನೋಡ್ಬೇಕಿತ್ತು."

ಸಿರಿಲ್ ಕಿಟಕಿಯ ಚೌಕಟ್ಟಿಗೆ ಹಣೆ ಒತ್ತಿಕೊಂಡ. ತನ್ನ ನಾಲಿಗೆಯನ್ನೇ ಕಚ್ಚಿ ತುಂಡುಮಾಡಬೇಕು ಅನ್ನಿಸಿತು ಅವನಿಗೆ.

ಮಧ್ಯಾಹ್ನದ ಹೊತ್ತಿಗೆ ಅವನು ಗಡಿಯಾರವನ್ನೂ ಟೀ ಕೆಟಲನ್ನೂ ಎತ್ತಿಕೊಂಡು ಮಾಡಿನ ಮೇಲೆ ಹತ್ತಿ ಕೂತಿದ್ದ. ದೋಣಿ ಒಮ್ಮೆ ನಿಟ್ಟುಸಿರಿಟ್ಟು ತಳ ಸೇರಿತು. ಎದ್ದ ಅಲೆಗೆ ಎರಡು ಬಾತುಕೋಳಿಗಳು ಬೆಚ್ಚಿ ಹಾರಿದವು. "ಸಾರಿ" ಎಂದ ಸಿರಿಲ್ ಅವುಗಳಿಗೆ.

ಜನ ಎದ್ದು ನಿಂತರು. ಈಗ ನಗಲಿಲ್ಲ. ಮೊದಲು ಒಬ್ಬರು, ಆಮೇಲೆ ಎಲ್ಲರೂ, ಟೋಪಿ ತೆಗೆದರು. "ಮನೇನೇ ಮುಳುಗಿಸ್ಬಿಟ್ಟ," ಎಂದಳು ಡೋರೀನ್ ಪಿಸುದನಿಯಲ್ಲಿ, ಇಗರ್ಜಿಯಲ್ಲಿ ಮಾತಾಡುವ ಹಾಗೆ. "ನಮ್ಮನ್ನ ನಗಿಸೋಕ್ಕೆ ಅಂತ ಸ್ವಂತ ಮನೇನೇ. ಎಂಥ ಮನುಷ್ಯ ಇವನು!"

ಸಿರಿಲ್‌ಗೆ ಮಾಡಿನಿಂದ ದಂಡೆಗಿಳಿದಾಗ ಒಂದೇ ಒಂದು ಆಸೆ ಉಳಿದಿತ್ತು, ವಿಮೆ. ದೋಣಿಗೆ ವಿಮೆ ಮಾಡಿಸಿದ್ದ ಏಜೆಂಟ್ ಲೋಮ್ಯಾಕ್ಸ್ ಸೇತುವೆಯ ಆಚೆಗೇ ಇದ್ದವನು. ಗದ್ದಲ ಕೇಳಿ ಸೈಕಲ್ ತುಳಿದುಕೊಂಡು ಬಂದ. ಒಳ್ಳೆಯ ಮನುಷ್ಯ, ಮುಳುಗಿದ ದೋಣಿ ಕಂಡು ಅವನ ಕರುಳು ಚುರುಕ್ ಎಂದಿತು.

"ಚಿಂತೆ ಮಾಡ್ಬೇಡಿ ಮಿಸ್ಟರ್ ಆಸ್ಪಿನಾಲ್. ಅಕಸ್ಮಾತ್ ಆದದ್ದಕ್ಕೆ ಪೂರ್ತಿ ಹಣ ಬರತ್ತೆ. ಹೊಸ ದೋಣೀನೇ ತಗೋಬಹುದು. ಅಕಸ್ಮಾತ್ ತಾನೆ?"

"ಅಕಸ್ಮಾತ್ತೇ," ಎಂದ ಸಿರಿಲ್. ಬೆಳಗಿನಿಂದ ಮೊದಲ ಸಲ ಅವನಿಗೆ ಉಸಿರಾಡಿದ ಹಾಗಾಯಿತು.

"ಅಕಸ್ಮಾತ್ತಾ?" ರೆಗ್‌ನ ಮುಖ ಕೆಂಡವಾಯಿತು. "ಏನಂದ್ರಿ ಲೋಮ್ಯಾಕ್ಸ್? ಅಷ್ಟು ದೊಡ್ಡ ಕಲೆಗಾರನಿಗೆ ಅವಮಾನ ಮಾಡ್ತೀರಾ? ಬೆಳಗಿಂದ ಒಂದೊಂದು ಇಂಚೂ ಲೆಕ್ಕ ಹಾಕಿ ಮುಳುಗಿಸಿದಾನೆ!"

"ರೆಗ್, ಸಾರಿ, ಸ್ವಲ್ಪ ಸುಮ್ನಿರ್ತೀಯಾ," ಎಂದು ಸಿರಿಲ್ ಅವನ ತೋಳು ಹಿಡಿದ.

"ನಿನ್ನ ವಿನಯ ಸಾಕು ಬಿಡೋ! ಇವತ್ತು ನಾವು ಹೇಳ್ದೆ ಬಿಡಲ್ಲ."

"ನಾನೇ ಸಾಕ್ಷಿ!" ಎಂದಳು ಡೋರೀನ್. "ನಾನೂ!" ಎಂದರು ಕುರ್ಚಿಯಿಂದ ಉರುಳಿದ್ದ ಮುದುಕರು. ಸಾಕ್ಷಿ ಹೇಳುವುದಕ್ಕೆ ಸಾಲು ನಿಂತಿತು. ಅವನ ಪ್ರತಿಭೆ ಕಾಗದದ ಮೇಲೆ ದಾಖಲಾಗಲೇಬೇಕೆಂದು ಇಡೀ ಊರು ಹಟ ಹಿಡಿಯಿತು. ಎಲ್ಲರೂ ಪ್ರೀತಿಯಿಂದಲೇ ಹೇಳಿದರು.

ಲೋಮ್ಯಾಕ್ಸ್ ತಲೆ ಕೆರೆದುಕೊಂಡ. "ಮಿಸ್ಟರ್ ಆಸ್ಪಿನಾಲ್, ನಿಮ್ಮ ಬಾಯಿಂದ್ಲೇ ಕೇಳ್ಬೇಕು. ಇದು ತಮಾಷೆಗೆ ಮಾಡಿದ್ದಾ?"

ಸಿರಿಲ್ ಸೆಟೆದು ನಿಂತ. ಕಾಲುಚೀಲಗಳಿಂದ ನೀರು ಸೋರುತ್ತಿತ್ತು, ಎರಡೂ ಒಂದೇ ಬಣ್ಣದವು. "ದೇವರಾಣೆಗೂ ನನಗೆ ತಮಾಷೆ ಮಾಡೋಕ್ಕೆ ಬರಲ್ಲ. ಜೀವಮಾನದಲ್ಲಿ ಒಂದೂ ಮಾಡಿಲ್ಲ."

ಆ ದಿನದ ಅತಿ ದೊಡ್ಡ ನಗು ಅದು. ಮಾರೈಕೆ ಡೋರೀನಳ ಹೆಗಲಿಗೆ ಬಿದ್ದಳು. ಲೋಮ್ಯಾಕ್ಸ್ ತಡೆದ, ತಡೆದ, ಕೊನೆಗೆ ಅವನೂ ಸೈಕಲ್ ಹಿಡಿದುಕೊಂಡೇ ಬಗ್ಗಿಬಿಟ್ಟ. ಚೀಲ ಮುಚ್ಚಿದ. "ನನ್ನ ಕೈಯಲ್ಲಿದ್ರೆ ಎರಡು ದೋಣಿ ಕೊಡ್ತಿದ್ದೆ ಸಾರ್. ಏನ್ಮಾಡೋದು, ಬೇಕಂತ ಮುಳುಗಿಸಿದ್ದಕ್ಕೆ ಕಂಪನಿ ಒಂದು ಪೆನ್ನಿ ಕಾಸೂ ಕೊಡಲ್ಲ. ಅವರಿಗೆ ಹಾಸ್ಯ ಅಂದ್ರೆ ಗೊತ್ತಿಲ್ಲ." ಸಿರಿಲ್‌ನ ಕೈಯನ್ನು ಎರಡು ಕೈಯಲ್ಲೂ ಹಿಡಿದು ಕುಲುಕಿ ಹೊರಟ.

ರೆಗ್ ಪಬ್ಬಿನೊಳಗೆ ಓಡಿಹೋಗಿ, ಡಾರ್ಟ್ಸ್ ಪಂದ್ಯದ ಬಹುಮಾನದ ದೊಡ್ಡ ಬೆಳ್ಳಿ ಕಪ್ಪು ತಂದು ಸಿರಿಲ್‌ನ ಕೈಗಿಟ್ಟ. "ಊರಿನ ಪರವಾಗಿ. ಇನ್ಮೇಲೆ ಇದು ನಿಂದೇ ಕಣೋ."

ಸಿರಿಲ್ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದ. ಬಾಯಿ ಅಗಲವಾಗಿತ್ತು, ಹಿಡಿಗಳೂ ಗಟ್ಟಿಯಾಗಿದ್ದವು. "ತುಂಬಾ ಥ್ಯಾಂಕ್ಸ್" ಎಂದು ಹೇಳಿ, ಎದೆಮಟ್ಟದ ನೀರಿಗಿಳಿದು, ಕಿಟಕಿಯ ಹತ್ತಿರ ನಿಂತು, ಆ ಕಪ್ಪಿನಲ್ಲಿ ದೋಣಿಯ ನೀರನ್ನು ಮೊಗೆದು ಮೊಗೆದು ಕಾಲುವೆಗೆ ಚೆಲ್ಲತೊಡಗಿದ. ಹಿಂದೆ ದಂಡೆಯ ಮೇಲೆ ಜನ ಮತ್ತೆ ಕುರ್ಚಿ ಬಿಚ್ಚುವ ಸದ್ದು ಕೇಳಿಸಿತು.