ಬ್ರಿಟಿಷ್ ಸಾಲಿ ಮೇಡಮ್ಮು ಬಾದಾಮಿಗೆ ಉಣ್ಣಾಕ ಬಂದಿದ್ದು

"ಕಲಿತ್ರ ನನ್ನ ಮಗಳು ಬ್ರಿಟಿಷ್ ಸಾಲ್ಯಾಗ ಕಲೀಬೇಕು! ಇಲ್ಲಾಂದ್ರ ನಾ ರಾಚಯ್ಯನ ಅಲ್ಲ!"

ಹಿಂಗಂತ ರಾಚಯ್ಯ ಬಾದಾಮ್ಯಾಗಿನ ತನ್ನ ಮನಿ ಪಡಸಾಲ್ಯಾಗ ನಿಂತು ಘೋರ ಪ್ರತಿಜ್ಞಾ ಮಾಡಿದ್ದು ಎಂಬತ್ತಮೂರನೇ ಇಸವಿ ಡಿಸೆಂಬರದಾಗ. ಕೇಳಾಕ ಇದ್ದವರು ಹೆಂಡ್ತಿ ಬನಶಂಕರಿ, ಎರಡನೇ ಇಯತ್ತಾ ಓದೂ ಮಗಳು ನೀಲಾ, ಕಿವಿ ಮಂದ ಆದ ಅವ್ವ ಗುರುಸಿದ್ದವ್ವ. ಅವ್ವಗ ಕೇಳಿಸಲಿಲ್ಲ. ಮಗಳಿಗೆ ತಿಳೀಲಿಲ್ಲ. ಹೆಂಡ್ತಿಗೆ ಕೇಳಿಸಿತು, ತಿಳೀತು, ನೆತ್ತಿಗೇರೂ ಹಂಗ ಸಿಟ್ಟೂ ಬಂತು.

ರಾಚಯ್ಯ ಮಸ್ಕತ್‌ನ್ಯಾಗ ಒಂದು ಕಂಪನಿ ಸ್ಟೋರ್‌ಕೀಪರ್. ರಜಾಕ್ಕ ಊರಿಗೆ ಬಂದಾಗ ಮಾತ್ರ ಮ್ಯಾನೇಜರ್! ಈ ಸಲ ಹೆಂಡ್ತಿ, ಮಗಳು ಇಬ್ಬರನ್ನೂ ಕರಕೊಂಡು ಹೋಗಾಂವ ಇದ್ದ. ಬನಶಂಕರಿ ಪಾಸ್‌ಪೋರ್ಟ್ ಬಂದು ಟ್ರಂಕಿನ್ಯಾಗ ಸೀರಿ ಕೆಳಗ ಕುಂತಿತ್ತು. ಅಲ್ಲಿ ನಮ್ಮ ದೇಶದವರದ ಒಂದು ಸಾಲಿ ಇತ್ತು, ಮಸ್ಕತ್‌ನ್ಯಾಗ ಕೆಲಸಕ್ಕಿದ್ದ ಇಳಕಲ್ಲ ಕಲ್ಲಪ್ಪನ ಹುಡುಗ್ರು ಅದಕ್ಕ ಹೋಗ್ತಿದ್ರು. ಬನಶಂಕರಿಗೆ ಅದು ಸಾಕಾಗಿತ್ತು. ಆದ್ರ ರಾಚಯ್ಯನ ಕೈಗೆ ಬ್ರಿಟಿಷ್ ಸಾಲಿಯ ಬಣ್ಣದ ಪುಸ್ತಕ ಸಿಕ್ಕಿತ್ತು. ನುಣ್ಣನ ಕಾಗದ, ಪುಟಕ್ಕೊಂದು ಫೋಟೋ. ಪುಣ್ಯಾತ್ಮ ಫೋಟೋ ಅಷ್ಟ ನೋಡಿದ್ದ, ಓದಿರಲಿಲ್ಲ.

"ನೋಡಿಲ್ಲಿ, ಕುದರಿ ಹತ್ತೂದು ಕಲಿಸ್ತಾರ!"

"ಯಾಕ್ರಿ, ಮಗಳನ್ನ ದಂಡಿಗೆ ಕಳಸ್ತೀರೇನು?"

"ಈಸೂದು ಕಲಿಸ್ತಾರ!"

"ಹೊಂಡ ಇಲ್ಲೇ ಐತಿ. ನಾಳೆ ಮುಂಜಾನಿ ದಬ್ಬರಿ, ಕಲೀತಾಳ."

"ಏ ಹುಚ್ಚಿ, ಆ ಸಾಲ್ಯಾಗ ಎಲ್ಲಾ ಬಿಳೇ ಹುಡುಗ್ರ!"

"ಚಲೋ ಆತು. ಸಾಲಿ ಬಿಟ್ಟಾಗ ನಮ್ಮ ನೀಲಾನ್ನ ಹುಡುಕಾಕ ತ್ರಾಸ ಇಲ್ಲ."

ಇಲ್ಲಿಗೆ ಮುಗಿದಿದ್ರ ಎಲ್ಲಾ ಮನ್ಯಾಗಿನ ಗಂಡ ಹೆಂಡ್ತಿ ಜಗಳ ಆಗ್ತಿತ್ತು. ಆದ್ರ ರಾಚಯ್ಯ ಗಂಟಲಾ ಸರಿ ಮಾಡಿಕೊಂಡ. ಆಂವ ಹಂಗ ಗಂಟಲಾ ಸರಿ ಮಾಡಿಕೊಂಡ್ರ ಏನೋ ಹಡಬಿಟ್ಟಿ ಮಾತು ಬರ್ತೈತಿ ಅಂತ ಬನಶಂಕರಿಗೆ ಗೊತ್ತಿತ್ತು.

"ಆ ಸಾಲ್ಯಾಗ ಹುಡುಗ್ರನ್ನ ಅಷ್ಟ ಅಲ್ಲ, ಮನಿ ಮಂದೀನೂ ನೋಡ್ತಾರ. ನಿನಗ ಇಂಗ್ಲಿಷ್ ಬರೂದಿಲ್ಲ. ಮೊದಲ ನಾನು, ನೀಲಾ ಹೋಗ್ತೀವಿ. ನೀ ಎರಡು ವರ್ಷ ಇಲ್ಲೇ ಇದ್ದು ಸುಧಾರಿಸಿಕೋ. ಆಮ್ಯಾಲೆ ಬರಾಕಂತ."

"ಅಲ್ಲೀತನಕ ನನ್ನ ಮಗಳ ತಲಿ ಹಿಕ್ಕಾವರು ಯಾರು?"

"ಆಯಾ ಇಡ್ತೇನಿ."

ಹೆತ್ತಾಕಿ ಬಾದಾಮ್ಯಾಗ, ಆಯಾ ಮಸ್ಕತ್‌ನ್ಯಾಗ! ಬನಶಂಕರಿ ಅಳಲಿಲ್ಲ, ಆಕಿ ಅಳೂ ಪೈಕಿ ಅಲ್ಲ. ಸೀದಾ ಒಳಗ ಹೋಗಿ ರೊಟ್ಟಿ ಬಡ್ಯಾಕ ಕುಂತ್ಲು. ಆ ದಿನ ರೊಟ್ಟಿ ಬಡದ ಸಪ್ಪಳಾ ಗುಡ್ಡದ ಮ್ಯಾಲಿನ ಮೇಣಬಸದಿ ಗವಿ ಮಟಾ ಕೇಳಿಸಿರಬೇಕು. ಒಂದೊಂದು ರೊಟ್ಟಿಗೂ ಆಕಿ ಮನಸಿನ್ಯಾಗ ರಾಚಯ್ಯಂದ ಮಾರಿ ಇತ್ತು.

ಮುಂದಿನ ಸುದ್ದಿ ಕೇಳ್ರಿ. ಆ ಸಾಲಿಯ ದೊಡ್ಡ ಮೇಡಮ್ಮು ಕ್ರಿಸ್‌ಮಸ್ ಸೂಟಿಗೆ ಹಿಂದುಸ್ಥಾನ ನೋಡಾಕ ಬಂದಾಕಿ, ರಾಚಯ್ಯ ಕಾಗದ ಬರದು ಕರದಿದ್ದಕ್ಕ, ಬಾದಾಮಿ ಗವಿ ನೋಡೂ ದಿನ ಆಂವನ ಮನಿಗೆ ಊಟಕ್ಕ ಬರಾಕ ಒಪ್ಪಿದ್ಲು. ಹುಡಿಗೀನ್ನ ಅಲ್ಲೇ ನೋಡಿ ಸೀಟು ಹೇಳ್ತೇನಿ ಅಂದಿದ್ಲು. ರಾಚಯ್ಯನ ಕಾಲು ನೆಲಕ್ಕ ಹತ್ತಲಿಲ್ಲ. ಬಸಯ್ಯ ಟೇಲರನ ಬಟ್ಟಿ ಕತ್ತರಿಸೂ ಟೇಬಲ್ ಪಡಸಾಲಿಗೆ ಬಂತು. ಅದರ ಮ್ಯಾಲೆ ಹಾಸಾಕ ತನ್ನ ಮದಿವಿ ಧೋತರ ತಗದ. ನೀಲಾಗ ನೆಲ್ಲಿ ಅಂತ ಹೊಸಾ ಹೆಸರಿಟ್ಟ!

"ಏನೋ, ನೆಲ್ಲಿಕಾಯಿ ಹುಡುಕ್ಯಾಡಾಕತ್ತೀಯೇನೋ?" ಅಂತ ಗುರುಸಿದ್ದವ್ವ ಕೇಳಿದ್ಲು.

"ಅವ್ವಾ, ಆ ದಿನ ನೀ ಒಳಗಿನ ಖೋಲಿ ಬಿಟ್ಟು ಹೊರಗ ಬರಬ್ಯಾಡ!"

ಒಂದು ವಾರ ಕವಾಯತು ನಡೀತು. ನೀಲಾ ಪಡಸಾಲಿ ನಡುವ ಕೈ ಕಟ್ಟಿ ನಿಂದ್ರೂದು, ರಾಚಯ್ಯ ಕೈಯಾಗ ಬಡಗಿ ಕೋಲು ಹಿಡದು ಅಡ್ಡಾಡೂದು. ಮೈ ನೇಮ್ ಈಸ್ ನೆಲ್ಲಿ. ಲೌಡರ್! ದಿಸ್ ಈಸ್ ಮೈ ಹೌಸ್. ಲೌಡರ್! ದ ಕುಕ್ ಈಸ್ ಇನ್ ದ ಕಿಚನ್. ಲೌಡರ್! ಆ ಲೌಡರ್ ಅನ್ನೂ ಒಂದು ಮಾತನ್ನ ಎಷ್ಟು ಜೋರಾಗಿ ಒದರತಿದ್ದ ಅಂದ್ರ, ಗುರುಸಿದ್ದವ್ವನ ಮಂದ ಕಿವಿಗೂ ಅದು ಬೀಳ್ತಿತ್ತು.

ಊಟದ್ದ ಬ್ಯಾರೆ ಪಾಠ. ರಾಚಯ್ಯನ ಮನ್ಯಾಗ ಉಂಡಾದ ಮ್ಯಾಲೆ ತಾಟಿಗೆ ನೀರು ಹಾಕಿ, ಬೆರಳಿಲೆ ತೊಳದು, ಆ ನೀರು ಕುಡ್ಯೂದು ತಲಿತಲಾಂತರದಿಂದ ಬಂದ ಪದ್ಧತಿ. ಊಟ ಅಂದ್ರ ಪ್ರಸಾದ, ಅದರ ಒಂದು ಅಗಳೂ ಕೆಡಬಾರದು. ನೀಲಾ ರೂಢಿ ಪ್ರಕಾರ ತಾಟಿಗೆ ನೀರು ಹಾಕಿದ್ಲು. ರಾಚಯ್ಯ ಆಕಿ ಕೈ ಮ್ಯಾಲೆ ಪಟ್ಟನ ಹೊಡದ.

"ಡರ್ಟಿ! ಬಿಳೇ ಮಂದಿ ಮುಂದ ಇದನ್ನ ಮಾಡಬಾರದು. ತಾಟಿನ್ಯಾಗ ಒಂದೀಟು ಬಿಟ್ಟು ಏಳಬೇಕು. ಹೇಳು, ಡರ್ಟಿ! ಲೌಡರ್!"

"ಡರ್ಟಿ" ಅಂತ ಕೂಸು ಅಳಕೋತ ಅಂತು.

ಒಳಗಿಂದ ಬನಶಂಕರಿ ಬಂದ್ಲು, ಕೈತುಂಬ ಹಿಟ್ಟು. "ಏನಂದ್ರಿ? ಪ್ರಸಾದಕ್ಕ ಹೊಲಸು ಅಂದ್ರಿ? ನಿಮ್ಮಪ್ಪ ಜೀವಾ ಬಿಡೂ ದಿನ ಸೈತ ತಾಟು ತೊಳದು ಕುಡದು ಹ್ವಾದ್ರು. ನಾಚಿಕಿ ಆಗಬೇಕು ನಿಮಗ!"

"ಇದಕ್ಕ ನೋಡು, ನಿನ್ನ ಇಲ್ಲೇ ಬಿಟ್ಟು ಹೋಗೂದು!" ಅಂದ ರಾಚಯ್ಯ.

ಅಂತೂ ಆ ದಿನ ಬಂತು. ಮೇಡಮ್ಮು ಬಿಸಲಿಗೆ ಕೆಂಪಗಾಗಿ, ಟೊಪಗಿ ಹಾಕ್ಕೊಂಡು ಬಂದ್ಲು. ಹಿಂದ ಗವಿ ತೋರಸೂ ಗೈಡ್ ಶಂಕ್ರಪ್ಪನೂ ಬಂದ. ದಿನಾ ಗವ್ಯಾಗ ಒದರಿ ಒದರಿ ಅವನಿಗೆ ಸಣ್ಣ ದನೀನ ಬರ್ತಿರಲಿಲ್ಲ.

"ನೀ ಹೋಗಪಾ ಇನ್ನ. ನನಗ ಇಂಗ್ಲಿಷ್ ಬರ್ತೈತಿ" ಅಂದ ರಾಚಯ್ಯ.

"ಸಂಜೀತನಕ ಮಾತಾಗೈತ್ರಿ. ಮೇಡಮ್ ಎಲ್ಲಿ, ನಾನೂ ಅಲ್ಲೇ" ಅಂದು ಶಂಕ್ರಪ್ಪ ಖುರ್ಚಿ ಎಳಕೊಂಡು ಕುಂತ.

ಎಣ್ಣಿಗಾಯಿ, ಶೇಂಗಾ ಚಟ್ನಿ, ಮೊಸರು ಎಲ್ಲಾ ಟೇಬಲ್ ಮ್ಯಾಲೆ ಬಂದಿತ್ತು. ಬನಶಂಕರಿ ಹೊರಗ ಬರಬಾರದು ಅಂತ ರಾಚಯ್ಯನ ಕಟ್ಟಪ್ಪಣಿ. ಆದ್ರ ಬಿಸಿ ರೊಟ್ಟಿ ತಾನ ನಡಕೋಂತ ಬರ್ತೈತೇನು? ಆಕೀನ ತಂದ್ಲು. ಮೇಡಮ್ಮು ಆಕಿ ಮಾರಿ ನೋಡಿ ನಕ್ಕು, ಇವರು ಯಾರು ಅಂತ ಕೇಳಿದ್ಲು. ರಾಚಯ್ಯ ಗಂಟಲಾ ಸರಿ ಮಾಡಿಕೊಂಡ.

"ಓ, ಶಿ ಈಸ್ ದ ಕುಕ್."

ಶಂಕ್ರಪ್ಪ ತನ್ನ ಕೆಲಸ ತಾ ಮಾಡಿದ. "ಅಕ್ಕಾರ, ನಿಮಗ ಅಡಿಗಿಯಾಕಿ ಅಂದ್ರು!"

ಹೇಳೂದ ಬ್ಯಾಡಾಗಿತ್ತು. ವಾರದ ಪಾಠಾನ ಒಲಿ ಮುಂದ ಕುಂತ ಬನಶಂಕರಿ ಮಗಳಕಿಂತ ಚಲೋ ಕಲಿತಿದ್ಲು. ಇವನ ಹೆಸರಿನ ತಾಳಿ ಕಟ್ಟಿಕೊಂಡು, ಇವನ ಅವ್ವನ್ನ ನೋಡಿಕೊಂಡು, ಇವನ ಮಗಳನ್ನ ಹೆತ್ತು, ಕಡೀಕ ಅಡಿಗಿಯಾಕಿ! ಒಳಗ ಹೋದ್ಲು. ಕೊಡ ಎತ್ತಿ ಉರಿಯೂ ಒಲಿಗೆ ನೀರು ಸುರುವಿದ್ಲು. ಹೊರಗ ಬಂದು ಬಾಗಲಕ್ಕ ಆತು ನಿಂತ್ಲು.

"ರೊಟ್ಟಿ, ರೊಟ್ಟಿ!" ಅಂದ ರಾಚಯ್ಯ.

"ಅಡಿಗಿಯಾಕಿ ಪಾಳಿ ಮುಗೀತ್ರಿ, ಸಾಹೇಬ್ರ."

ಅಷ್ಟರಾಗ ಮೇಡಮ್ಮು ಸಾಲಿ ಸುದ್ದಿ ತಗದ್ಲು. ಶಂಕ್ರಪ್ಪ ಬಾಯ್ತುಂಬ ರೊಟ್ಟಿ ಇಟ್ಟುಕೊಂಡ ಒದರಾಕತ್ತಿದ: "ಇದು ವಸ್ತಿ ಇರೂ ಸಾಲಿ ಅಲ್ಲಂತರಿ! ಮಧ್ಯಾಹ್ನಕ್ಕ ಬಿಡ್ತೈತಂತ! ಸಣ್ಣ ಹುಡುಗ್ರ ತಾಯಿ ಅದೇ ಊರಾಗ ಇರಾಕ ಬೇಕಂತ, ಆಯಾ ನಡ್ಯಾಂಗಿಲ್ಲಂತ! ಪುಸ್ತಕದಾಗ ಬರದೈತಂತ! ಹುಡುಗಿ ತಾಯಿ ಎಲ್ಲಿ ಅಂತ ಕೇಳಾಕತ್ತಾರ!"

ರಾಚಯ್ಯ ಸಿಕ್ಕಿಬಿದ್ದ. ತಾಯಿ ಇಲ್ಲ ಅಂದ್ರ ಸೀಟು ಹೋತು. ಈಕೀನ ತಾಯಿ ಅಂದ್ರ ಮಾನಾ ಹೋತು. ಬೆವರು ಧೋತರದ ಮ್ಯಾಲೆ ತಟತಟ ಬಿತ್ತು. ಆ ಗಾಬರ್‍ಯಾಗ ತಲಿ ಮಸ್ಕತ್‌ನ್ಯಾಗ ಉಳೀತು, ಕೈ ಮಾತ್ರ ಬಾದಾಮಿಗೆ ಬಂತು. ಆ ಕೈ ತಂಬಗಿ ಎತ್ತಿತು, ತಾಟಿಗೆ ನೀರು ಹಾಕಿತು, ಚಟ್ನಿ ಅಗಳು ಎಲ್ಲಾ ಸೇರಿಸಿ ಬೆರಳಿಲೆ ತೊಳೀತು. ರಾಚಯ್ಯ ಎರಡೂ ಕೈಲೆ ತಾಟು ಎತ್ತಿ ಗಟಗಟ ಕುಡದ!

ನೀಲಾ ಖುರ್ಚಿ ಮ್ಯಾಲೆ ಎದ್ದು ನಿಂತ್ಲು. "ಡರ್ಟಿ! ಪಪ್ಪಾ, ಡರ್ಟಿ!" ಓಣಿ ಮಂದಿ ಕಿಡಕಿಗೆ ಬರೂ ಹಂಗ ಒದರಿದ್ಲು. ಕಲಿಸಿದ್ದನ್ನ ಅಷ್ಟು ಚಲೋ ಒಪ್ಪಿಸಿದ್ದು ಅದ ಮೊದಲ ಸಲ.

ಮೇಡಮ್ಮು ಗಾಬರಿಯಾಗಿ ಏನಿದು ಅಂದ್ಲು. ಶಂಕ್ರಪ್ಪ ಪ್ರಸಾದದ ಪದ್ಧತಿ ಹೇಳಿದ. ಆಕಿ ತಲಿ ತೂಗಿ ಕೇಳಿ, ನೀಲಾನ ಕಡೆ ಹೊಳ್ಳಿ, ಹಂಗಾರ ಅದು ಡರ್ಟಿ ಹೆಂಗ ಆತು ಅಂತ ಶಂಕ್ರಪ್ಪನ ಕಡಿಂದ ಕೇಳಿಸಿದ್ಲು. ಅಷ್ಟು ಇಂಗ್ಲಿಷ್ ನೀಲಾಗ ಬರ್ತಿರಲಿಲ್ಲ. ಕನ್ನಡದಾಗ ಹೇಳಿದ್ಲು.

"ದಿನಾ ಡರ್ಟಿ ಅಲ್ಲರಿ. ನೀವು ಬಂದಾಗ ಅಷ್ಟ ಡರ್ಟಿ."

ರಾಚಯ್ಯ ಶಂಕ್ರಪ್ಪನ ಬಾಯಿ ಮುಚ್ಚಾಕ ಜಿಗದ, ತಡಾ ಆಗಿತ್ತು. ಶಂಕ್ರಪ್ಪ ಹೇಳಿಬಿಟ್ಟಿದ್ದ. ಮೇಡಮ್ಮಿನ ಕಿವಿ ಸೈತ ಕೆಂಪಾದುವು. ಚಮಚಾ ಕೆಳಗಿಟ್ಟು, ನಿನ್ನ ತಾಯಿ ಎಲ್ಲಿ ಅಂತ ಕೂಸಿಗೆ ಮೆಲ್ಲಕ ಕೇಳಿದ್ಲು.

"ಅಲ್ಲೇ ನಿಂತಾಳಲ್ಲ, ನಮ್ಮವ್ವ!"

ನೀಲಾನ ಬಟ್ಟು ಬಾಗಲದ ಕಡೆ ಇತ್ತು. ಅದಕ್ಕ ಶಂಕ್ರಪ್ಪ ಬೇಕಾಗಲಿಲ್ಲ. ಮೇಡಮ್ಮು ಬನಶಂಕರಿನ್ನ ನೋಡಿದ್ಲು, ರಾಚಯ್ಯನ್ನ ನೋಡಿದ್ಲು. "ಕುಕ್?" ಅಂದ್ಲು.

ರಾಚಯ್ಯ ಬಾಗಲಕ್ಕ ಬಂದ. "ಬನೂ, ಎಲ್ಲಾ ನಿನ್ನ ಕೈಯಾಗ ಐತಿ. ಮಸ್ಕತ್‌ಗೆ ಬರ್ತೇನಿ ಅನ್ನು, ನಿನ್ನ ಕಾಲ ಬೀಳ್ತೇನಿ."

"ಯಾರನ್ನ ಕರ್‍ಯಾಕತ್ತೀರಿ? ಅಡಿಗಿಯಾಕೀನೋ, ನೀಲಾನ ಅವ್ವನೋ?"

"ಮಂದಿ ಮುಂದ ಹಿಂಗ ಮಾತಾಡಬ್ಯಾಡ..."

"ಮಂದಿ ಮುಂದನ ಅಂದೀರಿ, ಮಂದಿ ಮುಂದನ ತಿರಗಿ ಹೇಳ್ರಿ. ಮೇಡಮ್‌ಗ ತಿಳಿಯೂ ಭಾಷಾದಾಗ. ಅಲ್ಲಿ, ನನ್ನ ಮಗಳು ನಿಂದ್ರತಿದ್ದ ಜಾಗಾದಾಗ. ಕೈ ಕಟ್ರಿ!"

ಮಸ್ಕತ್‌ದ ಮ್ಯಾನೇಜರ್ ಪಡಸಾಲಿ ನಡುವ ಹೋಗಿ ನಿಂತ, ಕೈ ಕಟ್ಟಿದ.

"ದಿಸ್ ಈಸ್... ಮೈ ವೈಫ್" ಅಂತ ಗೊಣಗಿದ.

ಅಷ್ಟರಾಗ ಒಳಗಿನ ಖೋಲಿ ಬಾಗಲ ತಗೀತು. ಮುಂಜಾನಿಯಿಂದ ಕೂಡಿ ಹಾಕಿಸಿಕೊಂಡು ಹಸದಿದ್ದ ಗುರುಸಿದ್ದವ್ವ ಬಡಗಿ ಊರಕೋಂತ ಹೊರಗ ಬಂದ್ಲು. ಮಗಾ ಕೈ ಕಟ್ಟಿ ನಿಂತಿದ್ದ. ಆಂವ ಏನು ಅಂದ ಅಂತ ಆಕಿಗೆ ಕೇಳಿಸಿರಲಿಲ್ಲ. ಆದ್ರ ಆ ಜಾಗಾದಾಗ ನಿಂತವರಿಗೆ ಏನು ಹೇಳಬೇಕು ಅನ್ನೂದು ಮಾತ್ರ ಗೊತ್ತಿತ್ತು. ಬಡಗಿ ನೆಲಕ್ಕ ಕುಟ್ಟಿದ್ಲು.

"ಲೌಡರ್!"