ಬಾವಲಿ ಮೇಷ್ಟ್ರು, ಹಾವಸೆ ಮೇಷ್ಟ್ರು

ಇಬ್ಬರು ವಿಜ್ಞಾನದ ಮೇಷ್ಟ್ರ ಜೊತೆ ಒಂದೇ ಕೋಣೆಯಲ್ಲಿ ಬಾಳಿದವನಿಗೆ ನಗುವಿಗೆ ಬರ ಬರುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ತರೀಕೆರೆಯಲ್ಲಿ ನಾನು ಕನ್ನಡ ಮೇಷ್ಟ್ರು. ಜೊತೆಗಿದ್ದವರಲ್ಲಿ ಒಬ್ಬರಿಗೆ ಹಣ್ಣು ತಿನ್ನುವ ದೊಡ್ಡ ಬಾವಲಿಯೆಂದರೆ ಪ್ರಾಣ, ಇನ್ನೊಬ್ಬರಿಗೆ ಒದ್ದೆ ಕಲ್ಲಿನ ಮೇಲೆ ಹಸಿರಾಗಿ ಹಬ್ಬುವ ಫ್ಯುನೇರಿಯಾ ಎಂಬ ಹಾವಸೆ. ಇಬ್ಬರ ಶ್ರದ್ಧೆಗೂ ನಾನು ಮನಸೋತಿದ್ದೆ.

ಉಜ್ಜಿದ ಕಲ್ಲು

ಹಾವಸೆ ಮೇಷ್ಟ್ರು ಹೆಬ್ಬೆ ಜಲಪಾತದಿಂದ ಹಾವಸೆ ಹಿಡಿದ ಕಲ್ಲೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ನಮಗೆ ಕೋಣೆ ಕೊಟ್ಟು ಊಟ ಹಾಕುತ್ತಿದ್ದ ಮನೆ ಒಡತಿ ಅದನ್ನು ತೆಂಗಿನ ನಾರಿನಿಂದ ತಿಕ್ಕಿ, ಬೆಳ್ಳಗೆ ಮಾಡಿ ಕೈಗಿಟ್ಟರು. "ಎಷ್ಟು ಪಾಚಿ ಕಟ್ಟಿತ್ತು ಕಣ್ರೀ ಮೇಷ್ಟ್ರೇ."

ಮೇಷ್ಟ್ರು ದುಃಖದಲ್ಲಿ ಎರಡು ಹೊತ್ತು ಊಟ ಬಿಟ್ಟರು. ಅಡುಗೆ ರುಚಿಸಲಿಲ್ಲವೇನೋ ಎಂದು ಆಕೆ ಮೂರನೇ ಹೊತ್ತಿಗೆ ಒಬ್ಬಟ್ಟು ಮಾಡಿದರು.

ಹೋಟೆಲಿನ ತೀರ್ಪು

ಅಜ್ಜಂಪುರದ ಹೋಟೆಲಿನಲ್ಲಿ ಇಬ್ಬರಿಗೂ ವಾದ ಹತ್ತಿತು.

"ನಿಮ್ಮ ಹಾವಸೆ ಹೆಸರು ವನ್ಯಜೀವಿ ಕಾನೂನಿನಲ್ಲೇ ಇಲ್ಲ" ಎಂದರು ಬಾವಲಿ ಮೇಷ್ಟ್ರು.

"ನಿಮ್ಮ ಬಾವಲಿ ಇದೆಯಲ್ಲ, ಇಲಿ ಹೆಗ್ಗಣದ ಜೊತೆ, ಪೀಡೆ ಅಂತ. ಯಾರು ಬೇಕಾದರೂ ಹೊಡೀಬಹುದು" ಎಂದರು ಹಾವಸೆ ಮೇಷ್ಟ್ರು.

ಕಾಫಿ ತಂದ ಮಾಲೀಕ ತೀರ್ಪು ಕೊಟ್ಟ: "ಒಬ್ಬನ ಮೇಲೆ ಕೇಸೈತೆ, ಇನ್ನೊಬ್ಬನಿಗೆ ರೇಷನ್ ಕಾರ್ಡೇ ಇಲ್ಲ. ಇಬ್ರೂ ಪಾಪದೋರೇ ಬಿಡಿ."

ಅಮ್ಮನ ಕಟ್ಟೆ

ಸಖರಾಯಪಟ್ಟಣದ ಹತ್ತಿರ ರಸ್ತೆ ಅಗಲ ಮಾಡಲು ಹಳೇ ಆಲದ ಮರವೊಂದನ್ನು ಕಡಿಯುವುದೆಂದಾಯಿತು. ಮೇಲೆ ತುಂಬ ಬಾವಲಿ, ಬುಡದಲ್ಲಿ ಊರದೇವತೆ ಅಮ್ಮನ ಕಲ್ಲುಕಟ್ಟೆಯ ತುಂಬ ಹಾವಸೆ. ಜಗಳ ಮರೆತು ಇಬ್ಬರೂ ಓಡಿದರು, ಹಿಂದೆ ನಾನು.

"ಇವಕ್ಕೆ ಕಾನೂನಿನ ರಕ್ಷಣೆ ಇದೆಯೇನ್ರೀ?" ಎಂದರು ರಸ್ತೆಯ ಇಂಜಿನಿಯರ್. ಇಬ್ಬರಿಗೂ ಅಜ್ಜಂಪುರದ ವಾದ ನೆನಪಾಯಿತು.

ಇಂಜಿನಿಯರ್ ಮರ ಅಳೆಯಲು ಕಟ್ಟೆ ಹತ್ತಿ ತಲೆ ಎತ್ತಿದರು. ಮೇಲಿಂದ ಬಾವಲಿಯೊಂದು ಉಚ್ಚೆ ಹೊಯ್ದಿತು. ತಪ್ಪಿಸಿಕೊಳ್ಳಲು ಮುಂದೆ ಹೆಜ್ಜೆಯಿಟ್ಟವರು ಹಾವಸೆಯ ಮೇಲೆ ಜಾರಿ, ಅಮ್ಮನ ಮುಂದೆ ಉದ್ದಕ್ಕೆ ಬೋರಲು ಬಿದ್ದರು.

ಅಲ್ಲಿ ಅಡ್ಡಬಿದ್ದವರಿಗೆ ತಾಂಬೂಲ ಕೊಡುವುದು ವಾಡಿಕೆ. ತಗೊಂಡರೆ ಅಮ್ಮನಿಗೆ ಮಾತು ಕೊಟ್ಟಂತೆ. ಪೂಜೆ ಮಾಡುವ ಅಜ್ಜಿ ಅವರನ್ನು ಎಬ್ಬಿಸಿ, ಎಲೆಅಡಿಕೆ ಕೈಗಿಟ್ಟು, "ಎಂಥ ಭಕ್ತಿ ಸ್ವಾಮಿ ನಿಮ್ದು. ಇನ್ನು ಈ ಮರಕ್ಕೆ ನೀವೇ ಕಾವಲು" ಎಂದರು. ಊರೇ ಕೈಮುಗಿದು ನಿಂತಿತ್ತು. ಸಾಹೇಬರು ಹೂಂ ಅಂದು ಜೀಪು ಹತ್ತಿದರು. ರಸ್ತೆ ಇವತ್ತಿಗೂ ಅಲ್ಲಿ ಸೊಟ್ಟಗಿದೆ.

ಜೀಪು ಮರೆಯಾಗುತ್ತಲೇ, ಸಾಹೇಬರನ್ನು ಕೆಡವಿದ್ದು ಬಾವಲಿಯೋ ಹಾವಸೆಯೋ ಎಂದು ಇಬ್ಬರಿಗೂ ಮತ್ತೆ ವಾದ ಶುರುವಾಯಿತು. ಕಟ್ಟೆ ಗುಡಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದರು:

"ಹೋದ ಸಲ ಮರ ಕಡಿಸಾಕೆ ಬಂದ ಅಮಲ್ದಾರ್ರೂ ಇಲ್ಲೇ ಅಡ್ಡಬಿದ್ರು ಕಣಪ್ಪ. ಅದಕ್ಕೇ ನಾನು ಗುಡಿಸ್ತೀನಿ ಅಷ್ಟೇ, ಪಾಚಿ ಉಜ್ಜಾಕಿಲ್ಲ."